ಸಾಹೇಬರನ್ನು ದಾಟಿಸಿದ್ದು

“ಈ ಸಲಾನೂ ಸಾಹೇಬ್ರು ಅರ್ಧಕ್ಕೇ ವಾಪಸ್ ಹೋದ್ರೆ ಮುಗೀತು, ಇನ್ನು ಬರಲ್ಲ,” ಎಂದು ಕದರಯ್ಯ ಲಾರಿಯ ಬಾಗಿಲು ಹಿಡಿದು ಪಿಸುಗುಟ್ಟಿದ.

ಎಪ್ಪತ್ತೆಂಟರ ಮಳೆಗಾಲ. ಊರ್ಡಿಗೆರೆಯ ಆಚೆ ಟಾರು ಮುಗಿಯುವಲ್ಲಿ ಎಂಜಿನಿಯರ್ ಸಾಹೇಬರ ಕಾರು ನಿಂತಿತ್ತು. ಅಲ್ಲಿಂದ ಕದರಯ್ಯನ ಹಳ್ಳಿಯವರೆಗೂ ಬರೀ ಕೆಸರು. ಹಿಂದಿನ ವರ್ಷ ಅವನ ಮಗಳು ವನಜಮ್ಮ ಹೆರಿಗೆ ನೋವಿನಲ್ಲಿ, ಇದೇ ಕೆಸರಲ್ಲಿ ಹೂತುಹೋದ ಎತ್ತಿನ ಗಾಡಿಯಲ್ಲೇ ಪ್ರಾಣ ಬಿಟ್ಟಿದ್ದಳು. ಆಮೇಲೆ ಕದರಯ್ಯ ತುಮಕೂರಿಗೆ ಅಲೆದು ಅಲೆದು ರಸ್ತೆಗೆ ಅರ್ಜಿ ಹಾಕಿಸಿದ್ದ. ಸಾಹೇಬರು ಊರು ಮುಟ್ಟಿ, ದಾರಿಯನ್ನು ಕಣ್ಣಾರೆ ನೋಡಿದರೆ ಮಾತ್ರ ಮಂಜೂರಾತಿ. ಅವರೋ ಎರಡು ಸಲ ಕೆಸರು ನೋಡಿಯೇ ತಿರುಗಿ ಹೋಗಿದ್ದರು.

ಅದಕ್ಕೇ ತುಮಕೂರಿನ ಶಿರಾ ಗೇಟಿನ ಅಜ್ಮತುಲ್ಲಾನನ್ನು ಕರೆಸಿದ್ದು. ಮಿಲಿಟರಿ ಹರಾಜಿನಲ್ಲಿ ಕೊಂಡ ಅವನ ಲಾರಿಯಲ್ಲಿ ಮುಂದಿನ ಚಕ್ರಗಳೂ ಎಳೆಯುತ್ತಿದ್ದವು. ವನಜಮ್ಮನ ಸಂಗತಿ ಕೇಳಿದವನು ಬಾಡಿಗೆಯೇ ಬೇಡವೆಂದಿದ್ದ.

“ಸಾಹೇಬ್ರಿಗೆ ಒಂಚೂರೂ ತೊಂದ್ರೆ ಆಗ್ಬಾರ್ದು ಕಣಪ್ಪ.”

“ತೊಟ್ಟಿಲಲ್ಲಿ ಕೂರಿಸ್ದಂಗೆ ಕರ್ಕೊಂಡ್ ಹೋಗ್ತೀನಿ, ನೀನು ಹಿಂದೆ ಹತ್ಕೋ.”

ಕೆಸರಿಗೆ ಇಳಿಯುವ ಮೊದಲೇ, ಗಟ್ಟಿ ನೆಲದ ಮೇಲೆ ಅಜ್ಮತುಲ್ಲಾ ಲಾರಿ ನಿಲ್ಲಿಸಿ, ಗೇರಿನ ಪಕ್ಕದ ಚಿಕ್ಕ ಲಿವರ್ ಎಳೆದ. ಅದೇನೆಂದು ಪಕ್ಕದಲ್ಲಿ ಕೂತಿದ್ದ ಸಾಹೇಬರು ಕೇಳಿದರು. ಈಗ ನಾಲ್ಕೂ ಕಡೆಯಿಂದ ಎಳೆತ ಸಿಗುತ್ತದೆ, ಹೂತ ಮೇಲೆ ಹಾಕಿದರೆ ತಡ, ಟಾರು ಸಿಕ್ಕ ಕೂಡಲೇ ಬಿಡಿಸದಿದ್ದರೆ ಟೈರು, ಗೇರ್‌ಬಾಕ್ಸು ಎರಡೂ ಹಾಳು ಎಂದು ಅವನು ಹೆಮ್ಮೆಯಿಂದ ವಿವರಿಸಿದ. ಆಮೇಲೆ ಸಣ್ಣ ಗೇರಿನಲ್ಲಿ, ಬ್ರೇಕು ಮುಟ್ಟದೆ, ಗೇರು ಬದಲಿಸದೆ, ಒಂದೇ ಹದದಲ್ಲಿ ಬಿಟ್ಟ.

ವನಜಮ್ಮನ ಗಾಡಿ ಹೂತಿದ್ದ ಹೊಂಡ ಬಂತು. ಹಿಂದೆ ನಿಂತಿದ್ದ ಕದರಯ್ಯ ಕಣ್ಣು ಮುಚ್ಚಿಕೊಂಡ. ಲಾರಿ ಒಮ್ಮೆ ಗುರುಗುಟ್ಟಿ, ದಾಟಿತು. ಸಾಹೇಬರ ಬೂಟಿಗೆ ಒಂದು ಹನಿ ಕೆಸರೂ ಸಿಡಿಯಲಿಲ್ಲ.

ಊರಿಗೆ ಊರೇ ಲಾರಿಯ ಸುತ್ತ ನೆರೆಯಿತು. ಕದರಯ್ಯ ಅಜ್ಮತುಲ್ಲಾನ ಎರಡೂ ಕೈ ಹಿಡಿದು ಅತ್ತುಬಿಟ್ಟ. ಸಾಹೇಬರು ಎಳನೀರು ಕುಡಿದು, ಬಾಯಿ ಒರೆಸಿಕೊಂಡು, ಬಂದ ದಾರಿಯನ್ನು ಒಮ್ಮೆ ತೃಪ್ತಿಯಿಂದ ನೋಡಿದರು.

“ನಾನು ಸುಮ್ನೆ ಹೆದರಿದ್ದೆ ಕಣ್ರೀ. ಲಾರೀನೇ ಇಷ್ಟು ಸಲೀಸಾಗಿ ಬರುತ್ತೆ ಅಂದ್ಮೇಲೆ ನಿಮಗ್ಯಾಕೆ ರಸ್ತೆ? ಈ ಮಂಜೂರಾತೀನ ದಾರಿಯೇ ಇಲ್ಲದ ಬೇರೆ ಊರಿಗೆ ಬರೀತೀನಿ.”