ಆರು, ಇನ್ನೊಂದು, ಎಂಟು

"ಲಾಭ, ಎರಡು, ಮೂರು, ನಾಕು, ಐದು, ಆರು, ಇನ್ನೊಂದು, ಎಂಟು..."

ಹೊಂಗೆ ತೋಪಿನ ನೆರಳಲ್ಲಿ ಸಾಲಾಗಿ ಮಲಗಿದ್ದ ಮಕ್ಕಳನ್ನು ಚಲುವಯ್ಯ ಕಣದಲ್ಲಿ ಭತ್ತ ಅಳೆಯುವಂತೆಯೇ ಎಣಿಸುತ್ತ ಹೋದ. ಪುಳಿಯೋಗರೆ ತಿಂದು, ಬಿಸಿಲಿಗೆ ಮುಖದ ಮೇಲೆ ಟೋಪಿ ಮುಚ್ಚಿಕೊಂಡಿದ್ದ ಮಕ್ಕಳು ಒಳಗೊಳಗೇ ಕಿಸಕ್ಕೆಂದವು. ವಾಣಿಶ್ರೀಗೆ ಮಾತ್ರ ರೇಗಿತು. ಸ್ಕೌಟ್ಸ್ ದಳ ನಡೆಸುವ ಮೇಷ್ಟ್ರು ಸಮೀಕ್ಷೆಗೆಂದು ಊರಿನ ತಲೆ ಎಣಿಸಲು ಹೋಗಿದ್ದರಿಂದ, ಮಕ್ಕಳ ತಲೆ ಎಣಿಸುವ ಕೆಲಸ ಪೋಷಕರ ಸಮಿತಿಯ ಪಾಲಿಗೆ ಬಂದಿತ್ತು. ಸಮಿತಿಯ ಕಾರ್ಯದರ್ಶಿ ಅವಳು. ಹದಿನೆಂಟು ಒಪ್ಪಿಗೆ ಪತ್ರಗಳ ಕೆಳಗೂ 'ಸುರಕ್ಷಿತವಾಗಿ ಮನೆ ಸೇರಿಸುವುದು ನನ್ನ ಹೊಣೆ' ಎಂದು ಬರೆದು ರುಜು ಹಾಕಿದವಳು ಅವಳೇ. ಅದರಲ್ಲೊಂದು ಅವಳ ಮಗಳು ಐಶ್ವರ್ಯಳದು. ಚಲುವಯ್ಯ ಆ ಗುಂಪಿನ ಚಿನ್ನುವಿನ ತಾತ, ಭೇರ್ಯದ ರೈತ, ಅಡಿಗೆ ಪಾತ್ರೆ ಹೊರಲು ತಾನಾಗಿ ಬಂದವನು.

"ಚಲುವಯ್ಯನೋರೇ, ಇವು ಮಕ್ಳು, ಭತ್ತ ಅಲ್ಲ. ಒಂದಕ್ಕೆ ಲಾಭ, ಏಳಕ್ಕೆ ಇನ್ನೊಂದು! ಏಳು ಅಂದ್ರೆ ಬಾಯಿ ಸುಡ್ತದಾ?"

"ರಾಶಿ ಮುಂದೆ ಏಳು ಅನ್ನಬಾರ್ದು ಕಣವ್ವಾ. ಏಳು ಅಂದ್ರೆ ರಾಶಿ ಎದ್ದು ಹೊಂಟೋಯ್ತದೆ." ಚಲುವಯ್ಯ ಮರಗಳ ಹಿಂದಿದ್ದ ಸಣ್ಣ ಸಣ್ಣ ದಿಬ್ಬಗಳತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಅದ್ರಲ್ಲೂ ಇಲ್ಲಿ ಬ್ಯಾಡ. ನಮ್ ತಾತನ ಕಾಲ್ದಲ್ಲಿ ಪ್ಲೇಗು ಬಂದಾಗ ಕೂಸುಗಳ್ನ ಮಣ್ಣು ಮಾಡಿದ್ದು ಇಲ್ಲೇಯ."

"ಮೊದ್ಲೇ ಹೇಳಕ್ಕೆ ಏನಾಗಿತ್ತು ನಿಮ್ಗೆ?" ಎಂದಳು ವಾಣಿಶ್ರೀ. ಬೇಡ ಎಂದಿದ್ದನ್ನೇ ಮಾಡುವುದು ಅವಳ ಹುಟ್ಟುಗುಣ, ಸುಟ್ಟರೂ ಹೋಗುವಂಥದ್ದಲ್ಲ. ಸಾಲಿನ ತುದಿಗೆ ಹೋಗಿ, ಮಕ್ಕಳಿಗೂ ಮುದುಕನಿಗೂ ಕೇಳಿಸಲಿ ಎಂದು ಗಟ್ಟಿಯಾಗಿ ಶುರು ಮಾಡಿದಳು. "ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು!"

ಬೆನ್ನ ಹಿಂದೆ ತರಗೆಲೆ ಸರಸರ ಎಂದಿತು. ಓತಿಕ್ಯಾತವಿರಬೇಕು ಎಂದುಕೊಂಡು ಎಣಿಸುತ್ತ ಹೋದಳು. ಎಣಿಕೆ ನಿಂತದ್ದು ಹತ್ತೊಂಬತ್ತಕ್ಕೆ. ತಪ್ಪಿರಬೇಕೆಂದು ಇನ್ನೊಂದು ತುದಿಯಿಂದ ಎಣಿಸಿದಳು. ಹತ್ತೊಂಬತ್ತೇ. ಪಟ್ಟಿ ತೆಗೆದು ಹೆಸರು ಕೂಗಿದಳು. ಹದಿನೆಂಟು ಹೆಸರಿಗೂ ಟೋಪಿಗಳ ಕೆಳಗಿನಿಂದ "ಓ" ಎಂಬ ಉತ್ತರ ಬಂತು. ಆದರೆ ಕಣ್ಣೆದುರು ಹತ್ತೊಂಬತ್ತು ಟೋಪಿ. ಎಲ್ಲ ಕೊರಳಲ್ಲೂ ಸ್ಕಾರ್ಫು, ಎಲ್ಲ ಕಾಲಲ್ಲೂ ಬೂಟು.

ಟೋಪಿ ಸರಿಸಲು ಬಗ್ಗಿದವಳ ಕೈಯನ್ನು ಚಲುವಯ್ಯ ಗಟ್ಟಿಯಾಗಿ ಹಿಡಿದ.

"ಮುಖ ನೋಡ್ಬ್ಯಾಡಿ ತಾಯಿ. ಗುರ್ತು ಸಿಕ್ತು ಅಂದ್ರೆ ಬೆನ್ನಿಗೇ ಬತ್ತದೆ. ಎಬ್ಬಿಸ್ದೋರೇ ಮಲಗಿಸ್ಬೇಕು."

"ಹೆಂಗೆ?"

"ಮಲಗು ಅನ್ನಿ. ಅಷ್ಟೇಯ. ಕೂಸಲ್ವಾ, ಅಕ್ಕರೆಯಿಂದ ಅನ್ನಿ."

ವಾಣಿಶ್ರೀಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ, ಯಾರದೋ ಮಗುವಿಗೆ ಏನೆಂದು ಹೇಳುವುದೋ ತಿಳಿಯಲಿಲ್ಲ. ಪ್ರತಿ ರಾತ್ರಿ ಐಶ್ವರ್ಯಳ ಬೆನ್ನು ತಟ್ಟುತ್ತ ಹೇಳುವ ಮಾತೊಂದೇ ನಾಲಿಗೆಗೆ ಬಂತು. "ಸಾಕು, ಮಲಕ್ಕೋ ಬಂಗಾರಿ. ಅಮ್ಮ ಇಲ್ಲೇ ಇದೀನಿ." ಹೇಳುವಾಗ ದನಿ ತಾನಾಗಿಯೇ ಮೆತ್ತಗಾಯಿತು. ದಿಬ್ಬಗಳ ಕಡೆಯಿಂದ ಒಮ್ಮೆ ತರಗೆಲೆ ಸದ್ದಾಗಿ ಸುಮ್ಮನಾಯಿತು.

ಅವಳು ಸೀಟಿ ಊದಿದಳು. ಮಕ್ಕಳು ಟೋಪಿ ಸರಿಪಡಿಸಿಕೊಂಡು ದಡಬಡ ಎದ್ದು ಸಾಲುಗಟ್ಟಿದವು. ಈ ಸಲ ಅವಳೇ "ಲಾಭ" ಎಂದು ಶುರುಮಾಡಿ, ಆರಾದ ಮೇಲೆ "ಇನ್ನೊಂದು" ಎಂದು, ಹದಿನೆಂಟಕ್ಕೆ ಬಂದು ನಿಂತಳು. ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರೇ ಬಂತು.

"ಹಿಂದಕ್ಕೆ ತಿರುಗ್ದಂಗೆ ನಡೀರವ್ವ," ಎಂದ ಚಲುವಯ್ಯ. ಅವಳು ತಿರುಗಲಿಲ್ಲ. ಯಾರೂ ತಿರುಗದಂತೆ ನೋಡಿಕೊಂಡಳು.

ಕೆರೆ ಏರಿಯ ಮೇಲೆ ಗುಂಪಿನ ಇನ್ನೊಬ್ಬ ಹುಡುಗಿ ಜಿಕ್ರಾಳ ತಂದೆ ಖದೀರ್ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದ. "ಎಲ್ರೂ ಇದಾರಲ್ಲ ಮೇಡಂ?" ಎಂದ. "ಎಲ್ರೂ ಇದಾರೆ ಖದೀರಣ್ಣ," ಎಂದಳು. ಒಬ್ಬೊಬ್ಬರನ್ನೂ ಅವರವರ ಬಾಗಿಲಿಗೇ ಬಿಟ್ಟು, ತಾಯಂದಿರ ಕೈಗೇ ಒಪ್ಪಿಸಿ, ಹೆಸರಿನ ಮುಂದೆ ಗುರುತು ಹಾಕುತ್ತ ಹೋದಳು. ಚಲುವಯ್ಯ ಮೊಮ್ಮಗನ ಕೈ ಹಿಡಿದು ಇಳಿದುಹೋದ. ಜಿಕ್ರಾ ಮುಂದಿನ ಸೀಟಿನಲ್ಲೇ ನಿದ್ದೆ ಹೋಗಿದ್ದಳು. ಐಶ್ವರ್ಯ ಅಮ್ಮನಿಗೆ ಒರಗಿಕೊಂಡು, ಕಿಟಕಿಯಾಚೆ ನೋಡುತ್ತ ಮಾತಿಲ್ಲದೆ ಕೂತಿದ್ದಳು. ಬಿಸಿಲಲ್ಲಿ ನಡೆದು ದಣಿದಿದ್ದಾಳೆ ಎಂದು ವಾಣಿಶ್ರೀ ಅವಳ ತಲೆ ಸವರಿದಳು.

ಇಳಿಹೊತ್ತಿಗೆ ತಮ್ಮ ಬೀದಿಯಲ್ಲಿ ಇಬ್ಬರೂ ಇಳಿದರು. ವ್ಯಾನು ಮರೆಯಾಯಿತು. ಬೀದಿದೀಪದ ಕಂಬಕ್ಕೆ ಪಟ್ಟಿ ಒತ್ತಿ ಹಿಡಿದು, ಉಳಿದಿದ್ದ ಕೊನೆಯ ಹೆಸರಿಗೂ ಗುರುತು ಹಾಕಿ ಅವಳು ತಲೆ ಎತ್ತಿದಾಗ, ಹುಡುಗಿ ಬೀದಿಯ ನಡುವೆ ನಿಂತು, ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಬಾಗಿಲನ್ನು ನೋಡುತ್ತಿದ್ದಳು.

"ಅಮ್ಮಾ," ಎಂದಳು, ಬಲು ಸಂಕೋಚದಿಂದ. "ಇದ್ರಲ್ಲಿ ನಮ್ಮನೆ ಯಾವ್ದು?"