ಅಡಗುವ ಜಾಗ

ಮನಸ್ಸಿಗೆ ಪೆಟ್ಟು ಬಿದ್ದ ಮಕ್ಕಳಿಗೆ ಚಿಕಿತ್ಸೆ ಕೊಡುವವರಿಗಾಗಿ ನಡೆಯುತ್ತಿದ್ದ ಆನ್‌ಲೈನ್ ತರಬೇತಿ ಅದು. ತರಗತಿ ಇರುವ ಸಂಜೆಗಳಲ್ಲಿ ಪ್ರಫುಲ್ಲಾ, ಮಗಳನ್ನು ನೋಡಿಕೊಳ್ಳುವಂತೆ ಮೈದುನನಿಗೆ ಹೇಳಿ, ಮಲಗುವ ಕೋಣೆಯ ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು.

"ಪ್ರಫುಲ್ಲಾ, ಇವತ್ತು ನೀವೇ ಮಗು," ಎಂದರು ಪರದೆಯ ಮೇಲಿದ್ದ ಹಿರಿಯ ವೈದ್ಯೆ. "ಹೆದರಿದ ಮಗು ಮನೇಲಿ ಎಲ್ಲಿ ಅಡಗುತ್ತೋ ಅಲ್ಲಿ ಹೋಗಿ ಕೂತ್ಕೊಳ್ಳಿ. ಅಲ್ಲಿಂದ ಏನು ಕೇಳಿಸುತ್ತೆ, ನಮಗೆ ಹೇಳಿ."

ಅಷ್ಟರಲ್ಲಿ ಹಾಲ್‌ನಿಂದ ಮೈದುನನ ದನಿ ಬಂತು. "ಪುಟ್ಟೀ, ಎಲ್ಲಿದೀಯಾ? ಹುಡುಕಿಬಿಡ್ತೀನಿ ನೋಡು!"

"ಸಾರಿ ಮೇಡಂ. ಮಗಳೂ ಅವಳ ಚಿಕ್ಕಪ್ಪನೂ ಕಣ್ಣಾಮುಚ್ಚಾಲೆ ಆಡ್ತಿದಾರೆ," ಎಂದು ಪ್ರಫುಲ್ಲಾ ನಕ್ಕಳು.

"ಪರವಾಗಿಲ್ಲ. ಒಂದು ನೆನಪಿರಲಿ, ಅಡಗಿರೋ ಮಗೂನ ಎಳೆದು ಹೊರಗೆ ತರಬಾರದು. ಅದು ತಾನಾಗೇ ಮಾತಾಡೋವರೆಗೂ ಕಾಯಬೇಕು."

ಪ್ರಫುಲ್ಲಾ ದುಪಟ್ಟಾ ಸೊಂಟಕ್ಕೆ ಬಿಗಿದು, ಮಂಚದಿಂದ ಇಳಿಬಿದ್ದಿದ್ದ ಹೊದಿಕೆ ಸರಿಸಿ, ತೆವಳುತ್ತಾ ಕೆಳಗೆ ನುಸುಳಿದಳು. ಒಳಗೆ ಧೂಳು, ಕತ್ತಲೆ. ಹಾಲ್‌ನಲ್ಲಿ ಓಡಾಡುವ ಚಪ್ಪಲಿಯ ಸದ್ದು ಇಲ್ಲಿ ನೆಲದ ಮೂಲಕ ನೇರವಾಗಿ ಎದೆಗೆ ಬಡಿಯುತ್ತಿತ್ತು.

"ಹೇಳಿ, ಏನು ಕೇಳಿಸ್ತಿದೆ?" ಎಂದರು ವೈದ್ಯೆ ಮೇಲಿನಿಂದ.

ಅವಳು ಉತ್ತರ ಕೊಡುವ ಮೊದಲೇ, ಬೆವೆತ ಪುಟ್ಟ ಕೈಯೊಂದು ಅವಳ ಬಾಯಿ ಮುಚ್ಚಿತು. ಮಗಳು ಗೋಡೆಯ ಕಡೆಗೆ ಒತ್ತರಿಸಿಕೊಂಡು ಅಮ್ಮನಿಗೆ ಜಾಗ ಮಾಡಿಕೊಟ್ಟಳು.

"ಶ್... ಅಮ್ಮಾ, ನೀನೂ ಚಿಕ್ಕಪ್ಪಂಗೆ ಹೆದ್ರಿ ಬಂದ್ಯಾ?"