ಬಿಗಿಯದ ಗಂಟು

ಕುಡುಗೋಲು ಎಲ್ಲಿಟ್ಟಿದ್ದೇನೆಂಬುದೇ ಆವಲಪ್ಪನಿಗೆ ಹೊಳೆಯಲಿಲ್ಲ. ಕಣ್ಣೆದುರಿಗೇ ಅವನ ಬಿಳಿ ಕುದುರೆ ಚಾಂದನಿ, ಕತ್ತಿನ ಕುಣಿಕೆ ಬಿಗಿದು, ಹಿಂಗಾಲ ಮೇಲೆ ಕುಸಿದು, ನಾಲಿಗೆ ಹೊರಚಾಚಿ ಒದ್ದಾಡುತ್ತಿತ್ತು. ಬಿಚ್ಚಲು ಹೋದಷ್ಟೂ ಗಂಟು ಕಲ್ಲಾಗುತ್ತಿತ್ತು.

"ಸರೀರಿ ಯಜ್ಜಾ!" ಪಕ್ಕದ ಬಾಡಿಗೆ ಕೋಣೆಯ ಶರಣಮ್ಮ ಈರುಳ್ಳಿ ಹೆಚ್ಚುತ್ತಿದ್ದ ಚಾಕು ಹಿಡಿದೇ ಓಡಿಬಂದಳು. ನಾಲ್ಕೇ ಏಟಿಗೆ ಹಗ್ಗ ತುಂಡಾಯಿತು. ಚಾಂದನಿ ಮುಗ್ಗರಿಸಿ ಎದ್ದು, ಶೆಡ್ಡಿನ ಮೂಲೆ ಸೇರಿ, ಗೊರಗೊರ ಉಸಿರೆಳೆದುಕೊಂಡಿತು.

"ನನ್ ಕಂದಾ..." ಎಂದು ಆವಲಪ್ಪ ಕೈ ಚಾಚಿದ. ಹನ್ನೆರಡು ವರ್ಷ ಆ ಕೈಯಿಂದಲೇ ಬೆಲ್ಲ ತಿಂದ ಕುದುರೆ ಕಿವಿ ಹಿಂದಕ್ಕೊತ್ತಿ ಮುಖ ತಿರುಗಿಸಿತು. ಅವನು ಹುರುಳಿ ಮೂಟೆಯ ಮೇಲೆ ಕುಸಿದು ಕೂತ.

"ಜಗ್ಗಿದಷ್ಟೂ ಬಿಗಿಯೋ ಜೀರುಗುಣಿಕಿ ಹಾಕಿದ್ರೇನು?"

"ಇನ್ನೇನ್ ಮಾಡ್ಲವ್ವಾ? ಮುಖಕ್ಕೆ ಕಟ್ಟಿದ್ ಪಟ್ಟೀನ ಕಂಬಕ್ಕೆ ಉಜ್ಜಿ ಉಜ್ಜಿ ಜಾರಿಸ್ಬಿಡ್ತಾಳೆ. ನೆನ್ನೆ ತುಮಕೂರ್ ರೋಡಲ್ಲಿ ಲಾರಿಗಳ ಮಧ್ಯೆ ನಿಂತಿದ್ಲು. ಕತ್ತಿಗೇ ಕಟ್ಟುದ್ರೆ ಉಳ್ಕೋತಾಳೆ ಅಂದ್ಕೊಂಡೆ. ಈಗ ಗೋಡೌನಿಗೆ ಬಂದ ಲಾರಿ ಹಾರನ್ ಹೊಡೀತು, ಬೆದರಿ ಜಗ್ಗುದ್ಲು..."

ಶರಣಮ್ಮ ಬಯ್ಯಲಿಲ್ಲ. ಮಾದನಾಯಕನಹಳ್ಳಿಯ ಗೋಡೌನಿನಲ್ಲಿ ಈಗ ಡಬ್ಬ ಹೊರುವವಳಾದರೂ, ವಿಜಯಪುರದಲ್ಲಿ ಟಾಂಗಾ ಹೊಡೆಯುವವನ ಮಗಳಾಗಿ ಬೆಳೆದವಳು. ಗೂಟದ ಮೇಲಿದ್ದ ಹೊಸ ಹಗ್ಗ ತೆಗೆದುಕೊಂಡು ಅವನ ಪಕ್ಕ ಕೂತಳು.

"ನಮ್ಮಪ್ಪನ ಕುದುರಿನೂ ಹಿಂಗ ಜಾರಿಸ್ತಿತ್ರಿ. ನೋಡ್ರಿ, ಈ ಗಂಟು ಎಷ್ಟು ಜಗ್ಗಿದ್ರೂ ಬಿಗಿಯಂಗಿಲ್ಲ. ಕುತ್ತಿಗಿಗೆ ನಾಕು ಬೆರಳು ಸಡಿಲ ಇರಲಿ. ಹಗ್ಗದ ತುದಿ ಮುಖದ ಪಟ್ಟಿಗೆ ಗದ್ದದ ಕೆಳಗಿರೋ ಉಂಗುರದೊಳಗ ಹಾಯಿಸ್ರಿ, ಆಗ ಪಟ್ಟಿನೂ ಜಾರಂಗಿಲ್ಲ. ಕಂಬಕ್ಕ ಹಳೇ ಸೈಕಲ್ ಟ್ಯೂಬ್ ಸುತ್ತಿ, ಅದಕ್ಕ ಕಟ್ರಿ. ಅಂಜಿ ಜಗ್ಗಿದ್ರ ಅದು ಹಿಗ್ಗತದ."

ಆವಲಪ್ಪ ತಾನೇ ಕಟ್ಟಲು ನೋಡಿದ. ಮೂರು ಸಲ ಗಂಟು ತಪ್ಪಿತು. ಪ್ರತಿಸಲ ಅವಳೇ ಬಿಚ್ಚಿ ಹಗ್ಗವನ್ನು ಅವನ ಕೈಗೇ ಕೊಟ್ಟಳು. ನಾಲ್ಕನೆಯ ಸಲ ಕೂತಿತು.

"ಬರೋಬ್ಬರಿ ಆತು. ಹೋಗಿ ಹಾಕ್ರಿ."

ಅವನು ಕುದುರೆಯ ಕಡೆ ಹೋಗಲಿಲ್ಲ. ಗಂಟು ಬಿಚ್ಚಿ, ಹೆಗಲ ಟವೆಲ್ ತೆಗೆದಿಟ್ಟು, ಹಗ್ಗವನ್ನು ತನ್ನ ಕೊರಳಿಗೇ ಸುತ್ತಿ ಅದೇ ಗಂಟು ಹಾಕಿಕೊಂಡ. ತುದಿಯನ್ನು ಅವಳ ಕೈಗಿಟ್ಟ.

"ಅಯ್ಯ, ಇದೇನ್ರಿ ಯಜ್ಜಾ!"

"ಎಳಿ."

ಶರಣಮ್ಮ ಹೂವಿನ ದಾರ ಎಳೆದಂತೆ ಮೆಲ್ಲಗೆ ಎಳೆದಳು. ಮೂಲೆಯಲ್ಲಿ ಚಾಂದನಿ ಕಿವಿ ಮುಂದಕ್ಕೆ ಮಾಡಿ ಇತ್ತಲೇ ನೋಡುತ್ತಿತ್ತು.

"ಅಂಗಲ್ಲ ಕಣವ್ವಾ," ಎಂದು ಆವಲಪ್ಪ ಎರಡೂ ಕೈಯಲ್ಲಿ ಕಂಬ ಹಿಡಿದುಕೊಂಡ. "ಅವಳು ಜಗ್ಗುದ್ಲಲ್ಲ, ಅಷ್ಟು ಜೋರಾಗಿ ಎಳಿ."